ಮನೆಯ ನಾಯಿಗೆ ವೈದ್ಯಶಾಲೆಯನ್ನು ಆರಿಸುವ ಬಗೆ



ಮಂಡ್ಯ ಸೀಮೆಯ ಆತಕೂರಿನಲ್ಲಿ ದೊರೆತ ಒಂದು ವೀರಗಲ್ಲಿನ ವಿಷಯವನ್ನು ತಮ್ಮಲ್ಲಿ ಅನೇಕರು ಕೇಳಿರಬಹುದು. ಅದು ಕ್ರಿ.ಶ. 949-50ರ ಕಾಲದ್ದು. ಗಂಗರ ಬೂತುಗನ ಸೇವಕನಾದ ಮಣಲೆರನೆಂಬ ವೀರನು, ತಕ್ಕೋಲದ ಯುದ್ಧದಲ್ಲಿ ತಾನು ತೋರಿದ ಪರಾಕ್ರಮಕ್ಕೆ ಬಹುಮಾನವಾಗಿ, ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಬಿದ್ದವು. ನಾಯಿಯ ನೆನಪಿಗೆಂದು ಕಲ್ಲನ್ನು ನಿಲ್ಲಿಸಿದರು, ಪೂಜೆಗೆ ಭೂಮಿಯನ್ನು ಬಿಟ್ಟರು. ಸಾವಿರ ವರ್ಷಗಳ ಹಿಂದೆಯೇ ನಮ್ಮವರು ನಾಯಿಯ ಸಾವನ್ನು ಇಷ್ಟು ಗೌರವದಿಂದ ಕಂಡರೆಂಬುದು ನಮಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಈ ಹೊತ್ತು ನಾವು ಮಾತನಾಡಬೇಕೆಂದಿರುವುದು ನಾಯಿಯ ಸಾವಿನ ವಿಷಯವಲ್ಲ. ಅದರ ದಿನನಿತ್ಯದ ಬಾಳಿನ ವಿಷಯ. ಕಾಳಿಯಂತೆ ಹಂದಿಯೊಡನೆ ಹೋರಾಡಿ ಸಾಯುವ ನಾಯಿಗಳು ಕೆಲವೇ. ಒಡೆಯನ ಅಲಕ್ಷ್ಯದಿಂದ ಸಾಯುವ ನಾಯಿಗಳಾದರೋ ಅಸಂಖ್ಯ. ಅವುಗಳಿಗೆ ವೀರಗಲ್ಲನ್ನು ಯಾರೂ ನೆಡುವುದಿಲ್ಲ.

ನಮ್ಮ ಮನೆಯಿರುವುದು ದಕ್ಷಿಣ ಕೊಡಗಿನ ಹುದಿಕೇರಿಯ ಕಡೆಯಲ್ಲಿ. ಹಿಂದೆ ವಿರಾಜಪೇಟೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಪೊನ್ನಂಪೇಟೆ ತಾಲ್ಲೂಕಿನಲ್ಲಿದೆ. ಕಾಫಿಯ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ, ದೂರದಲ್ಲಿ ಬ್ರಹ್ಮಗಿರಿಯ ಸಾಲು, ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದ ಮಳೆ. ಇಲ್ಲಿ ನಾಯಿಯಿಲ್ಲದ ಮನೆಯನ್ನು ಹುಡುಕುವುದು ಕಷ್ಟ. ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಮುಗಿಯಿತು. ಆದರೂ ಕಣವನ್ನು ಕಾಯುವುದಕ್ಕೆ, ರಾತ್ರಿ ಅಂಗಳಕ್ಕೆ ಬರುವ ಹಂದಿಯನ್ನು ತಿಳಿಸುವುದಕ್ಕೆ, ಮಕ್ಕಳ ಸಂಗಡ ಆಡುವುದಕ್ಕೆ ನಾಯಿ ಬೇಕೇ ಬೇಕು. ಪಟ್ಟಣವಾಸಿಗಳಾದ ತಮಗೆ ಈ ಮೂಲೆಯ ಹಳ್ಳಿಯ ಮಾತೇಕೆ ಎಂದು ತೋರಬಹುದು. ಬೆಂಗಳೂರು, ಮೈಸೂರುಗಳಲ್ಲಿ ಉದ್ಯೋಗದಲ್ಲಿರುವ ಎಷ್ಟೋ ಕುಟುಂಬಗಳು ಹಬ್ಬಕ್ಕೂ ರಜಕ್ಕೂ ತಮ್ಮ ನಾಯಿಗಳನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಇಲ್ಲಿಗೆ ಬರುತ್ತವೆ. ಅಲ್ಲದೆ, ವೈದ್ಯಶಾಲೆಗಳು ವಿರಳವಾಗಿರುವ ಹುದಿಕೇರಿಯಲ್ಲಿ ನಾವು ಕಲಿತ ಪಾಠವು, ಬೀದಿಗೊಂದು ಫಲಕ ತೂಗುವ ಪಟ್ಟಣದಲ್ಲಿಯೂ ಉಪಯೋಗಕ್ಕೆ ಬರಬಹುದೆಂದು ನಮ್ಮ ನಂಬಿಕೆ.

ಆ ಪಾಠವನ್ನು ನಾವು ಸುಲಭವಾಗಿ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಆರಂಭದಲ್ಲಿ ನಮ್ಮ ಮನೆಗೆ ಆರು ವಾರದ ಒಂದು ಮರಿ ಬಂದಿತು. ಮಕ್ಕಳು ಅದಕ್ಕೆ ಕರಿಯ ಎಂದು ಹೆಸರಿಟ್ಟರು. ಪೇಟೆಗೆ ಹೋದ ದಿನ ದಾರಿಯಲ್ಲಿ ಕಂಡ ಒಂದು ಕಡೆ ಅದಕ್ಕೆ ಒಂದು ಚುಚ್ಚುಮದ್ದು ಹಾಕಿಸಿಕೊಂಡು ಬಂದೆವು. ಹಾಕಿದವರಾರು, ಹಾಕಿದ್ದೇನು, ಮತ್ತೆ ಯಾವಾಗ ಬರಬೇಕು, ಇದಾವುದನ್ನೂ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ವಾರವೆಲ್ಲ ಗಾಳಿಗೆ ಮರಗಳು ತಂತಿಯ ಮೇಲೆ ಬಿದ್ದು ವಿದ್ಯುತ್ತು ನಿಂತಿತ್ತು. ಮದ್ದನ್ನು ತಂಪಿನಲ್ಲಿ ಇಟ್ಟಿದ್ದರೇ ಎಂಬ ಪ್ರಶ್ನೆ ನಮಗೆ ಆಗ ಹೊಳೆಯಲೇ ಇಲ್ಲ. ಒಂದು ತಿಂಗಳು ಕಳೆದ ಮೇಲೆ ಮರಿ ಒಂದು ಬೆಳಗ್ಗೆ ಹಾಲನ್ನು ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ವಾಂತಿ, ರಾತ್ರಿಗೆ ರಕ್ತಭೇದಿ. ಮೂರನೆಯ ದಿನ ಅದು ತೀರಿಕೊಂಡಿತು. ಅದು ಪಾರ್ವೋ ಎಂಬ ವೈರಸ್ಸಿನ ಬೇನೆಯೆಂದು ಆಮೇಲೆ ತಿಳಿಯಿತು. "ಚುಚ್ಚುಮದ್ದು ಹಾಕಿಸಿದ್ದೆವಲ್ಲ, ಮತ್ತೆ ಏಕೆ ಸತ್ತಿತು?" ಎಂದು ನಮ್ಮ ಚಿಕ್ಕ ಮಗಳು ಕೇಳಿದಳು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದುದೇ ಈ ಭಾಷಣಕ್ಕೆ ಮೂಲ.

ಉತ್ತರ ಹೀಗಿದೆ. ತಾಯಿಯ ಮೊದಲ ಹಾಲಿನಿಂದ ಮರಿಗೆ ಒಂದಿಷ್ಟು ರೋಗನಿರೋಧಕ ಶಕ್ತಿ ಬಂದಿರುತ್ತದೆ. ಅದು ಕೆಲವು ವಾರ ಮರಿಯನ್ನು ಕಾಪಾಡುತ್ತದೆ. ಆದರೆ ಅದೇ ಶಕ್ತಿಯು ನಾವು ಹಾಕಿಸಿದ ಲಸಿಕೆಯನ್ನೂ ನಿಷ್ಫಲ ಮಾಡಿಬಿಡಬಹುದು. ತಾಯಿಯ ರಕ್ಷಣೆ ಯಾವ ವಾರದಲ್ಲಿ ಇಳಿಯುವುದೆಂದು ಹೊರಗಿನಿಂದ ಹೇಳಲು ಬಾರದು. ಆದುದರಿಂದಲೇ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೂ ಲಸಿಕೆಯನ್ನು ಮತ್ತೆ ಮತ್ತೆ ಕೊಡಬೇಕೆಂದು ಪಶುವೈದ್ಯಶಾಸ್ತ್ರ ಹೇಳುತ್ತದೆ. ಒಂದೇ ಸಾರಿ ಹಾಕಿಸಿ ಮನೆಗೆ ಬಂದ ನಾವು, ಬಾಗಿಲನ್ನು ಅರ್ಧ ಮುಚ್ಚಿ ಕಳ್ಳ ಬಂದನೆಂದು ಅಳುವವರಂತೆ ನಡೆದುಕೊಂಡೆವು. ಲಸಿಕೆ ಬಿಸಿಗೆ ಕೆಟ್ಟಿತ್ತೋ, ಕಾಲ ತಪ್ಪಿತ್ತೋ, ಈಗ ತಿಳಿಯುವಂತಿಲ್ಲ. ತಪ್ಪು ಮಾತ್ರ ನಮ್ಮದೇ. ನಾವು ವೈದ್ಯಶಾಲೆಯನ್ನು ಆರಿಸಿರಲಿಲ್ಲ. ದಾರಿಯಲ್ಲಿ ಸಿಕ್ಕ ಬಾಗಿಲನ್ನು ಹೊಕ್ಕಿದ್ದೆವು, ಅಷ್ಟೆ.

ಹಾಗಾದರೆ ಆರಿಸುವುದು ಹೇಗೆ? ಮೊದಲು ಒಂದು ಸಾಮಾನ್ಯ ಮಾತು. ಕಾಲು ಮುರಿದ ದಿನ, ಹಾವು ಕಚ್ಚಿದ ರಾತ್ರಿ ವೈದ್ಯರನ್ನು ಹುಡುಕಲು ಹೊರಡುವವನು ಆರಿಸುವುದಿಲ್ಲ, ಓಡುತ್ತಾನೆ. ಪ್ರಾಣಿ ಸುಖವಾಗಿರುವ ಕಾಲದಲ್ಲಿಯೇ ಒಂದು ವೈದ್ಯಶಾಲೆಯನ್ನು ಗೊತ್ತುಮಾಡಿಕೊಳ್ಳಬೇಕು. ಆರೋಗ್ಯದಲ್ಲಿ ಅದರ ತೂಕವೆಷ್ಟು, ಒಸಡಿನ ಬಣ್ಣವೇನು, ಸ್ವಭಾವವೆಂತಹುದು ಎಂಬುದನ್ನು ಕಂಡಿದ್ದ ವೈದ್ಯರಿಗೆ ಕಾಯಿಲೆಯಲ್ಲಿ ಆದ ವ್ಯತ್ಯಾಸವು ಬೇಗ ಕಾಣುತ್ತದೆ. ಮಾತು ಬಾರದ ರೋಗಿಗೆ ಹಳೆಯ ಪರಿಚಯವೇ ಅರ್ಧ ಭಾಷೆ.

ನೋಡಬೇಕಾದ ಮೊದಲನೆಯ ಸಂಗತಿ, ಚಿಕಿತ್ಸೆ ಮಾಡುವವರು ವೈದ್ಯರೇ ಎಂಬುದು. ಕೇಳುವುದಕ್ಕೆ ಸಂಕೋಚವೆನಿಸುತ್ತದೆ, ನಿಜ. ಆದರೆ 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯಂತೆ, ಪಶುವೈದ್ಯ ಪದವಿಯನ್ನು ಪಡೆದು ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಿದವರಿಗೆ ಮಾತ್ರ ಪಶುವೈದ್ಯವೃತ್ತಿಯನ್ನು ನಡೆಸುವ ಅಧಿಕಾರವುಂಟು. ಡಿಪ್ಲೊಮಾ ಪಡೆದವರು ಸರಕಾರದ ಅಪ್ಪಣೆಯಿದ್ದಲ್ಲಿ, ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ, ಸಣ್ಣಪುಟ್ಟ ಸೇವೆಗಳನ್ನು ಮಾಡಬಹುದು. ಹೀಗಿರುವಲ್ಲಿ ಗೋಡೆಯ ಮೇಲೆ ನೋಂದಣಿಯ ಪತ್ರವನ್ನು ಹುಡುಕುವುದು ಅವಮಾನದ ಕೆಲಸವಲ್ಲ. ಒಳ್ಳೆಯ ವೈದ್ಯರು ಅದನ್ನು ತಾವೇ ತೋರಿಸುತ್ತಾರೆ. ಔಷಧದ ಅಂಗಡಿಯವನು ಗಾಜಿನ ಹಿಂದಿನಿಂದ ಕೊಡುವ ಸಲಹೆ ಎಷ್ಟೇ ಸ್ನೇಹದ್ದಾದರೂ ಅದು ಚಿಕಿತ್ಸೆಯಲ್ಲ.

ಎರಡನೆಯದು, ಲಸಿಕೆಯನ್ನಿಡುವ ಶೀತಪೆಟ್ಟಿಗೆ. ನಮ್ಮ ಕಡೆಯ ಮಟ್ಟಿಗೆ ಇದೇ ಮೊದಲನೆಯದೆಂದರೂ ಸಲ್ಲುವುದು. ನಾಯಿ ಬೆಕ್ಕುಗಳ ಲಸಿಕೆಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಯೇ ಇಡಬೇಕು. ಬಿಸಿ ತಾಕಿದರೂ ಕೆಡುತ್ತವೆ. ಹೆಪ್ಪುಗಟ್ಟಿದರೆ ಅನೇಕವು ಕೆಡುತ್ತವೆ. ಕೆಟ್ಟ ಲಸಿಕೆಯು ನೋಡುವುದಕ್ಕೆ ಒಳ್ಳೆಯ ಲಸಿಕೆಯಂತೆಯೇ ಇರುವುದೇ ಇದರಲ್ಲಿ ಅಪಾಯ. ಕೊಡಗಿನ ಮಳೆಗಾಲದಲ್ಲಿ ದಿನಗಟ್ಟಲೆ ದೀಪವಿಲ್ಲದಿರುವುದು ಹೊಸದೇನಲ್ಲ. ಆದುದರಿಂದ ಕೇಳಿರಿ: ಪೆಟ್ಟಿಗೆಯಲ್ಲಿ ಉಷ್ಣಮಾಪಕವಿದೆಯೇ? ಅದನ್ನು ದಿನವೂ ನೋಡಿ ಬರೆದಿಡುತ್ತಾರೆಯೇ? ವಿದ್ಯುತ್ತು ನಿಂತಾಗ ಬದಲಿ ಏರ್ಪಾಡೇನು? ಈ ಮೂರು ಪ್ರಶ್ನೆಗಳಿಗೆ ಮುಖ ಗಂಟಿಕ್ಕದೆ ಉತ್ತರ ಕೊಡುವ ಕಡೆ ನಿಶ್ಚಿಂತೆಯಿಂದ ನಾಯಿಯನ್ನು ಮೇಜಿನ ಮೇಲೆ ಕೂರಿಸಬಹುದು. ಮನೆಗೆ ಲಸಿಕೆಯನ್ನು ತರುವುದಾದರೆ ಅದು ಮಂಜಿನ ಪೆಟ್ಟಿಗೆಯಲ್ಲಿಯೇ ಬರಬೇಕು, ಜೇಬಿನಲ್ಲಲ್ಲ.

ಮೂರನೆಯದು, ತಕ್ಕಡಿ ಮತ್ತು ಪುಸ್ತಕ. ಔಷಧದ ಪ್ರಮಾಣವು ಪ್ರಾಣಿಯ ತೂಕದ ಮೇಲೆ ನಿಂತಿದೆ. ಮೂರು ಕಿಲೋಗ್ರಾಮಿನ ಮರಿಗೂ ಮೂವತ್ತು ಕಿಲೋಗ್ರಾಮಿನ ನಾಯಿಗೂ ಕಣ್ಣಳತೆಯಿಂದ ಮದ್ದು ಕೊಡುವಲ್ಲಿ ಜಾಗರೂಕತೆ ಸಾಲದೆಂದೇ ತಿಳಿಯಬೇಕು. ಇನ್ನು ಪುಸ್ತಕ. ಹಾಕಿದ ಲಸಿಕೆಯ ಹೆಸರು, ತಯಾರಿಕೆಯ ತಂಡದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಮುಂದೆ ಬರಬೇಕಾದ ದಿನ, ವೈದ್ಯರ ರುಜು, ಇವಿಷ್ಟೂ ಅದರಲ್ಲಿರಬೇಕು. ಸೀಸೆಯ ಮೇಲಿನ ಚೀಟಿಯನ್ನು ಕಿತ್ತು ಪುಸ್ತಕದಲ್ಲಿ ಅಂಟಿಸುವ ಪದ್ಧತಿ ಬಹಳ ಒಳ್ಳೆಯದು. ಕರಿಯನಿಗೆ ಅಂತಹ ಪುಸ್ತಕವಿದ್ದಿದ್ದರೆ, ಎರಡನೆಯ ಸಾರಿ ಹೋಗಬೇಕಾದ ದಿನವಾದರೂ ನಮ್ಮ ಕಣ್ಣಿಗೆ ಬೀಳುತ್ತಿತ್ತು.

ನಾಲ್ಕನೆಯದು ಶುಚಿತ್ವ. ರೋಗಿಗಳು ಸೇರುವ ಕಡೆ ರೋಗವೂ ಸೇರುತ್ತದೆ. 1978ರಲ್ಲಿ ಲೋಕಕ್ಕೆ ಪರಿಚಯವಾದ ಈ ಪಾರ್ವೋ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ಬರಿಯ ಸಾಬೂನಿನ ನೀರಿಗೆ ಅದು ಬಗ್ಗುವುದಿಲ್ಲ, ಕ್ಲೋರಿನ್ನಿನ ದ್ರಾವಣ ಬೇಕು. ಮೇಜನ್ನು ಒಂದು ಪ್ರಾಣಿಗೂ ಮತ್ತೊಂದಕ್ಕೂ ನಡುವೆ ಒರೆಸುತ್ತಾರೆಯೇ, ಸೂಜಿಯನ್ನು ಪ್ರತಿ ಸಾರಿಯೂ ಹೊಸದಾಗಿ ಬಿಚ್ಚುತ್ತಾರೆಯೇ, ಭೇದಿಯಾಗುತ್ತಿರುವ ನಾಯಿಯನ್ನು ಬೇರೆ ಕಡೆ ನಿಲ್ಲಿಸುತ್ತಾರೆಯೇ ಎಂಬುದನ್ನು ಸುಮ್ಮನೆ ಕುಳಿತು ಹದಿನೈದು ನಿಮಿಷ ನೋಡಿದರೆ ತಿಳಿದುಹೋಗುವುದು. ಲಸಿಕೆ ಪೂರ್ತಿಯಾಗದ ಮರಿಯನ್ನು ವೈದ್ಯಶಾಲೆಯ ನೆಲಕ್ಕೆ ಬಿಡದೆ ಮಡಿಲಲ್ಲಿಯೇ ಇಟ್ಟುಕೊಳ್ಳುವುದು ನಮ್ಮ ಕರ್ತವ್ಯ.

ಐದನೆಯದು ಸ್ವಲ್ಪ ಸೂಕ್ಷ್ಮವಾದುದು. ತಮಗೆ ಸಾಧ್ಯವಿಲ್ಲದುದನ್ನು ಸಾಧ್ಯವಿಲ್ಲವೆಂದು ಹೇಳುವ ವೈದ್ಯರನ್ನು ಆರಿಸಬೇಕು. ಹುದಿಕೇರಿಯಂತಹ ಕಡೆ, ಇಲ್ಲವೇ ಹತ್ತಿರದ ಪೇಟೆಗಳಾದ ಪೊನ್ನಂಪೇಟೆ, ಗೋಣಿಕೊಪ್ಪಗಳಲ್ಲಿ, ಎಲ್ಲ ಬಗೆಯ ಯಂತ್ರಗಳೂ ಶಸ್ತ್ರಚಿಕಿತ್ಸೆಯ ಸೌಕರ್ಯಗಳೂ ಇರಬೇಕೆಂದು ಬಯಸುವುದು ನ್ಯಾಯವಲ್ಲ. ಅದಕ್ಕೆ ಮೈಸೂರಿಗೋ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೋ ಹೋಗಬೇಕಾದೀತು. ಸಾಮಾನ್ಯ ವೈದ್ಯರ ದೊಡ್ಡಸ್ತಿಕೆ ಇರುವುದು ಯಾವ ರೋಗಿಯನ್ನು, ಯಾವ ಘಳಿಗೆಯಲ್ಲಿ, ಯಾರ ಬಳಿಗೆ ಕಳುಹಿಸಬೇಕೆಂಬುದನ್ನು ತಿಳಿದಿರುವುದರಲ್ಲಿ. ರಾತ್ರಿಯ ವೇಳೆ ಏನು ಮಾಡಬೇಕೆಂಬುದನ್ನೂ ಮೊದಲ ಭೇಟಿಯಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

ಸರಕಾರದ ಪಶು ಚಿಕಿತ್ಸಾಲಯಗಳು ದನಕರುಗಳಿಗೆ ಮಾತ್ರವೆಂದು ಪಟ್ಟಣದವರಲ್ಲಿ ಒಂದು ಭಾವನೆಯುಂಟು. ಅದು ಸರಿಯಲ್ಲ. ದನದ ಕೆಲಸ ಅಲ್ಲಿ ಹೆಚ್ಚು, ನಿಜ. ಹಳ್ಳಿಯ ಜೀವನಕ್ಕೆ ಅದೇ ಆಧಾರವಾದುದರಿಂದ ಹಾಗಿರುವುದು ಉಚಿತವೂ ಹೌದು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ಕೀರ್ತಿವರ್ಮನು ಕನ್ನಡದಲ್ಲಿ ರಚಿಸಿದ ಪಶುವೈದ್ಯ ಗ್ರಂಥವೂ 'ಗೋವೈದ್ಯ'ವೇ ಅಲ್ಲವೇ? ಆದರೆ ಅಲ್ಲಿಯ ವೈದ್ಯರ ಪದವಿಯೂ ನೋಂದಣಿಯೂ ಪೇಟೆಯ ಖಾಸಗಿ ವೈದ್ಯರದಕ್ಕಿಂತ ಯಾವ ವಿಧದಲ್ಲಿಯೂ ಕಡಮೆಯಲ್ಲ. ನಾವು ಮೇಲೆ ಹೇಳಿದ ಪ್ರಶ್ನೆಗಳನ್ನು ಎರಡು ಕಡೆಯೂ ಕೇಳಿರಿ. ಉತ್ತರ ಎಲ್ಲಿ ಸಮರ್ಪಕವೋ ಅಲ್ಲಿಗೆ ಹೋಗಿರಿ. ಹೊಳಪಿನ ಕುರ್ಚಿಗಳೂ ಬಣ್ಣದ ಚಿತ್ರಗಳೂ ಉತ್ತರವಲ್ಲ.

ಆರನೆಯದಾಗಿ, ಆ ವೈದ್ಯರಿಗೆ ನಮ್ಮ ಸೀಮೆಯ ಬೇನೆಗಳ ಪರಿಚಯ ಚೆನ್ನಾಗಿರಬೇಕು. ಇಲ್ಲಿಯ ಕಾಡಂಚಿನಲ್ಲಿ ಉಣ್ಣೆಗಳು ಬಹಳ. ಅವು ನಾಯಿಯ ರಕ್ತಕ್ಕೆ ಬೆಬೀಸಿಯ, ಎರ್ಲಿಕಿಯ ಮೊದಲಾದ ಸೂಕ್ಷ್ಮಜೀವಿಗಳನ್ನು ಸೇರಿಸಿ ಜ್ವರ, ರಕ್ತಹೀನತೆಗಳನ್ನು ತರುತ್ತವೆ. ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ. ಅದು ನಾಯಿಗೆ ಬಂದಂತೆ ಮನುಷ್ಯನಿಗೂ ಬರತಕ್ಕದ್ದು. ಹಂದಿಯ ಕೋರೆಯ ಗಾಯವು ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುವುದುಂಟು. ಪಟ್ಟಣದ ನಾಯಿಯನ್ನು ಮಳೆಗಾಲದಲ್ಲಿ ಇಲ್ಲಿಗೆ ಕರೆತರುವವರು, ಹೊರಡುವ ಮೊದಲೇ ತಮ್ಮ ವೈದ್ಯರಲ್ಲಿ ಉಣ್ಣೆಯ ಮದ್ದನ್ನೂ ಲೆಪ್ಟೊ ಲಸಿಕೆಯನ್ನೂ ಕುರಿತು ವಿಚಾರಿಸಬೇಕು. ಹಿಂತಿರುಗಿದ ಮೇಲೆ ಜ್ವರ ಬಂದರೆ "ಕೊಡಗಿಗೆ ಹೋಗಿದ್ದೆವು" ಎಂಬ ಮಾತನ್ನು ಮರೆಯದೆ ಹೇಳಬೇಕು. ಆ ಒಂದು ಮಾತು ಎಷ್ಟೋ ದಿನಗಳ ಊಹೆಯನ್ನು ಉಳಿಸುತ್ತದೆ.

ಮನೆಯ ಮದ್ದಿನ ವಿಷಯದಲ್ಲಿಯೂ ಎರಡು ಮಾತು. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದಾದರೂ ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲದು. ನಾಯಿಗಾಗಿ ಮಾಡಿದ ಕೆಲವು ಉಣ್ಣೆಯ ಮದ್ದುಗಳು, ಅದರಲ್ಲಿಯೂ ಪರ್ಮೆಥ್ರಿನ್ ಉಳ್ಳವು, ಬೆಕ್ಕಿಗೆ ವಿಷ. ಕೊಡಗಿನ ಮನೆಗಳಲ್ಲಿ ಯಾವಾಗಲೂ ಇರುವ ಕಾಫಿಯ ಪುಡಿಯೂ ಡಿಕಾಕ್ಷನ್ನೂ ನಾಯಿಗೆ ಆಗುವುದಿಲ್ಲ. ಅದರ ಕೆಫೀನು ಎದೆಬಡಿತವನ್ನು ಕೆಡಿಸುತ್ತದೆ. ಇಂತಹವನ್ನು ಕೇಳದೆಯೇ ಎಚ್ಚರಿಸುವ ವೈದ್ಯರು ಸಿಕ್ಕಿದರೆ ಅವರನ್ನು ಬಿಡಬೇಡಿರಿ.

ಇನ್ನು ಎಲ್ಲಕ್ಕಿಂತ ಮಿಗಿಲಾದ ವಿಷಯ, ಹುಚ್ಚುನಾಯಿಯ ಬೇನೆ. ಲೂಯಿ ಪಾಸ್ತರನು 1885ರ ಜುಲೈ 6ರಂದು ಜೋಸೆಫ್ ಮೈಸ್ಟರನೆಂಬ ಬಾಲಕನಿಗೆ ಮೊದಲ ಬಾರಿ ಇದರ ಚಿಕಿತ್ಸೆಯನ್ನು ಆರಂಭಿಸಿದನು. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿಯೇ ಅವನ ಹೆಸರಿನ ಸಂಸ್ಥೆ ಸ್ಥಾಪಿತವಾಯಿತು. ಹೀಗಿದ್ದೂ ಈ ಬೇನೆ ನಮ್ಮ ದೇಶವನ್ನು ಬಿಟ್ಟಿಲ್ಲ. 2030ರೊಳಗೆ ನಾಯಿಯಿಂದ ಬರುವ ಈ ರೋಗವನ್ನು ನಿರ್ಮೂಲಗೊಳಿಸಬೇಕೆಂದು ಭಾರತ ಸರಕಾರವು 2021ರಲ್ಲಿ ಯೋಜನೆಯನ್ನು ಪ್ರಕಟಿಸಿತು. ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಮುಂಚಿತವಾಗಿ ತಡೆಯುವುದು ಎಷ್ಟು ಸುಲಭ! ಮರಿಗೆ ಹನ್ನೆರಡು ವಾರವಾದಾಗ ಒಂದು ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಗಳಂದು ತಪ್ಪದೆ ಮತ್ತೊಂದು. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆಂದು ತಜ್ಞರು ಹೇಳುತ್ತಾರೆ. ಎಂದಮೇಲೆ, ನಮ್ಮ ಮನೆಯ ನಾಯಿಗೆ ಹಾಕಿಸುವ ಲಸಿಕೆಯು ನೆರೆಮನೆಯ ಮಗುವಿಗೂ ರಕ್ಷೆ. ನಾಯಿ ಕಚ್ಚಿದರೆ, ಅಷ್ಟೇಕೆ, ಪರಚಿದರೂ ಸಹ, ಆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಮನುಷ್ಯರ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಸೊಪ್ಪಿನ ರಸ ಇವಾವುವೂ ಸರ್ವಥಾ ಸಲ್ಲವು.

ವೈದ್ಯರ ಗುಣದೋಷಗಳನ್ನು ಇಷ್ಟು ಎಣಿಸಿದ ಮೇಲೆ ನಮ್ಮ ಕಡೆಯ ಕರ್ತವ್ಯವನ್ನು ಹೇಳದಿದ್ದರೆ ನ್ಯಾಯವಾಗದು. ಹೇಳಿದ ದಿನಕ್ಕೆ ಹೋಗುವುದು, ಪುಸ್ತಕವನ್ನು ಕಳೆಯದಿರುವುದು, ಕೊಟ್ಟ ಮಾತ್ರೆಯನ್ನು ನಡುವೆ ನಿಲ್ಲಿಸದಿರುವುದು, ನಾವೇ ಏನನ್ನಾದರೂ ಕೊಟ್ಟಿದ್ದರೆ ಮರೆಮಾಡದೆ ಹೇಳುವುದು. ವಾರಕ್ಕೊಬ್ಬ ವೈದ್ಯರನ್ನು ಬದಲಾಯಿಸುವವನ ನಾಯಿಗೆ ವೈದ್ಯರೇ ಇಲ್ಲವೆಂದು ತಿಳಿಯಬಹುದು.

ಕರಿಯ ಹೋದ ಮೇಲೆ ಬಹಳ ದಿನ ನಮ್ಮ ಮನೆಗೆ ನಾಯಿ ಬರಲಿಲ್ಲ. ಅಂಗಳಕ್ಕೆ ಆ ವೈರಸ್ಸಿನ ಭಯವೂ ಇತ್ತು, ಮನಸ್ಸಿಗೆ ಧೈರ್ಯವೂ ಇರಲಿಲ್ಲ. ಆಮೇಲೆ ಬಂದ ಮರಿಗೆ ಹೆಸರಿಡುವ ಮೊದಲೇ ನಾವು ವೈದ್ಯರನ್ನು ನೋಡಿಬಂದೆವು. ಶೀತಪೆಟ್ಟಿಗೆಯ ಪ್ರಶ್ನೆಯನ್ನು ನಮ್ಮ ಮಗಳೇ ಕೇಳಿದಳು. ವೈದ್ಯರು ನಕ್ಕು, ಬಾಗಿಲನ್ನು ತೆರೆದು, ಉಷ್ಣಮಾಪಕವನ್ನು ಅವಳ ಕೈಗೇ ಕೊಟ್ಟು ಓದೆಂದರು. ಅವಳು "ಐದು" ಎಂದಳು. ಆ ನಾಯಿಗೆ ಈಗ ನಾಲ್ಕು ವರ್ಷ. ಅದರ ಪುಸ್ತಕವು ನಮ್ಮ ಮನೆಯ ಪಂಚಾಂಗದ ಪಕ್ಕದಲ್ಲಿಯೇ ತೂಗುತ್ತಿದೆ. ಮುಂದಿನ ಲಸಿಕೆಯ ದಿನವನ್ನು ಪಂಚಾಂಗದಲ್ಲಿ ಮಗಳು ಕೆಂಪು ಶಾಯಿಯಿಂದ ಗುರುತಿಟ್ಟಿದ್ದಾಳೆ.

ತಮ್ಮ ಮನೆಯಲ್ಲಿಯೂ ಒಂದು ನಾಯಿಯೋ ಬೆಕ್ಕೋ ಇದ್ದರೆ, ಅದರ ಪುಸ್ತಕವನ್ನು ಈ ರಾತ್ರಿ ಒಮ್ಮೆ ತೆರೆದು ನೋಡಬೇಕೆಂದು ಕೇಳಿಕೊಳ್ಳುತ್ತೇವೆ. ಪುಸ್ತಕವೇ ಇಲ್ಲದಿದ್ದಲ್ಲಿ, ನಾಳೆ ಏನು ಮಾಡಬೇಕೆಂಬುದು ತಮಗೆ ತಿಳಿದೇ ಇದೆ.